ಒಂದು ಅಡಿಗೆ ಒಂದು ನೂಲು

ಪಕ್ಕದ ಮನೆಯ ಯಜಮಾನರ ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಿದ್ದಾಗ ಅವರ ಕಚೇರಿಯ ಹಳೆಯ ಮಿತ್ರರೊಬ್ಬರು ಎದ್ದು ನಿಂತು, "ಇರುವೆಗೂ ನೋವು ಮಾಡದ ಶಾಂತ ಜೀವ" ಎಂದು ಕಣ್ಣೊರೆಸಿಕೊಂಡರು. ನನ್ನ ಕೈಯಲ್ಲಿದ್ದ ಒಬ್ಬಟ್ಟು ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಇರುವೆಯ ವಿಷಯ ನನಗೆ ಗೊತ್ತಿಲ್ಲ. ಆದರೆ ಈ ಶಾಂತ ಜೀವ ಬೆಳಗಿನ ಕಾಫಿಗೆ ಮುಂಚೆ ಒಂದು ಪಟ್ಟಣಕ್ಕೆ ಮುತ್ತಿಗೆ ಹಾಕಿ, ಕಾಫಿ ಕುಡಿದು, ಅಲ್ಲಿಂದ ಓಡಿಹೋಗುತ್ತಿದ್ದ ಸೈನ್ಯವನ್ನು ಹೊಳೆಯ ದಂಡೆಯಲ್ಲಿ ಅಡ್ಡಗಟ್ಟಿ ಒಬ್ಬರನ್ನೂ ಬಿಡದೆ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಳೆ ಎಂದರೆ ನಾನೇ ಕೊಟ್ಟಿದ್ದ ನೀಲಿ ರವಿಕೆ ಬಟ್ಟೆಯ ಚೂರು. ಪಟ್ಟಣ ಬೆಂಕಿಪೊಟ್ಟಣಗಳದ್ದು. ಸತ್ತವರು ಹುರುಳಿಕಾಳು, ಮಧ್ಯಾಹ್ನ ಅವರನ್ನೆಲ್ಲ ತೊಳೆದು ಸಾರು ಮಾಡಿದ್ದರು.

ನಾನು ಮದುವೆಯಾಗಿ ಯಶವಂತಪುರಕ್ಕೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ರೈಲ್ವೆ ಸ್ಟೇಷನ್ನಿನ ಹಿಂದೆ, ಮತ್ತಿಕೆರೆಗೆ ಹೋಗುವ ದಾರಿಯಲ್ಲಿ, ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡ ಹೆಂಚಿನ ಮನೆಗಳ ಸಾಲು. ನಮ್ಮ ಗೋಡೆಗೆ ಒರಗಿಕೊಂಡದ್ದು ಅವರ ಮನೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಎರಡು ವಿದ್ಯೆ ಕಲಿಸಿದ್ದರು: ಹಿರಿಯರ ಮುಂದೆ ಹಲ್ಲು ಕಾಣದಂತೆ ನಗುವುದು, ಮತ್ತೊಬ್ಬರ ಮನೆಯೊಳಗೆ ಇಣುಕದಿರುವುದು. ಮೊದಲನೆಯದು ಆ ಬೀದಿಯಲ್ಲಿ ಬಹಳ ಉಪಯೋಗಕ್ಕೆ ಬಂತು. ಎರಡನೆಯದನ್ನು ಪಾಲಿಸಲು ಪಕ್ಕದ ಮನೆಯವರು ಬಿಡಲಿಲ್ಲ.

ಸಂಸಾರ ಹೂಡಿ ಇನ್ನೂ ಡಬ್ಬಗಳಿಗೆ ಬೇಳೆ ತುಂಬುತ್ತಿದ್ದೆ. ಬಾಗಿಲಲ್ಲಿ ತೆಳ್ಳಗಿನ ಮನುಷ್ಯರೊಬ್ಬರು ನಿಂತಿದ್ದರು. ಕನ್ನಡಕದ ಒಂದು ಕಿವಿಕಡ್ಡಿಯ ಬದಲು ದಾರ, ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ, ಮೈಯಿಂದ ವಾರ್ನಿಷಿನ ವಾಸನೆ.

"ನಮಸ್ಕಾರ ತಾಯಿ. ಪಕ್ಕದ ಮನೆಯವನು. ನಿಮ್ಮ ಯಜಮಾನ್ರ ಹಳೇ ಕೋಟು ಇದ್ರೆ ಗುಂಡಿ ಬೇಕಾಗಿತ್ತು. ನಾಲ್ಕು ತೂತಿಂದು."

ಹೊಲಿದುಕೊಳ್ಳಲು ಇರಬೇಕೆಂದುಕೊಂಡು ಕೊಟ್ಟೆ. ಅವರು ಗುಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಜೇಬಿನಿಂದ ಟೇಪು ತೆಗೆದು ಅಳೆದು, "ಅರ್ಧ ನೂಲು ಜಾಸ್ತಿ" ಎಂದು ವಾಪಸು ಕೊಟ್ಟು ಹೋದರು. ಮದುವೆಯ ಕೋಟಿನ ಗುಂಡಿ ಕತ್ತರಿಸಿ ಕೊಟ್ಟಿದ್ದ ನಾನು ಅದನ್ನು ಮತ್ತೆ ಹೊಲಿದೆ.

ಬೀದಿಯವರು ಅವರನ್ನು ಬೆನ್ನ ಹಿಂದೆ ದಂಡನಾಯಕರು ಎನ್ನುತ್ತಿದ್ದರು. ಸೈನ್ಯಕ್ಕೂ ಅವರಿಗೂ ಇದ್ದ ಸಂಬಂಧ ಇಷ್ಟೇ: ಮಹಾಯುದ್ಧದ ಕಾಲದಲ್ಲಿ ಸೇರಲು ಹೋಗಿ ಸಾಲಿನಲ್ಲಿ ನಿಂತಿದ್ದರು, ಎದೆಯ ಸುತ್ತಳತೆ ಒಂದು ಅಂಗುಲ ಕಡಿಮೆ ಬಂತೆಂದು ವಾಪಸು ಕಳಿಸಿದ್ದರು. "ಟೇಪನ್ನ ಎಳೆದು ಹಿಡಿದುಬಿಟ್ಟ ಅಯೋಗ್ಯ. ಅಳೆಯೋಕೆ ಬರದವನ ಕೈಗೆ ಟೇಪು ಕೊಟ್ಟಿದ್ರು" ಎಂದು ಅವರು ಇಪ್ಪತ್ತು ವರ್ಷ ಕಳೆದರೂ ನಿನ್ನೆಯ ವಿಷಯದಂತೆ ಹೇಳುತ್ತಿದ್ದರು. ಅಂದಿನಿಂದ ಅವರು ಇನ್ನೊಬ್ಬರ ಅಳತೆಯನ್ನು ನಂಬಿದವರಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದುಕೊಂಡು, ಉಳಿದ ಹೊತ್ತಿನಲ್ಲಿ ಜಗತ್ತಿನ ಎಲ್ಲ ಯುದ್ಧಗಳನ್ನೂ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಣ್ಣದಾಗಿ ಮಾಡಿ ಇಡುವುದನ್ನು ವ್ರತವಾಗಿ ಹಿಡಿದರು. ಧೈರ್ಯದ ವಿಷಯಕ್ಕೆ ಬಂದರೆ, ಗೋಡೆಯ ಮೇಲೆ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದರು.

ಸಣ್ಣದು ಎಂದರೆ ಎಷ್ಟು ಸಣ್ಣದು? ಇದಕ್ಕೆ ಅವರದೇ ಶಾಸನವಿತ್ತು. ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಭಾಗಕ್ಕೆ ನೂಲು ಎನ್ನುತ್ತಾರೆ. "ನಿಜದ ಒಂದು ಅಡಿಗೆ ಇಲ್ಲಿ ಒಂದು ನೂಲು ತಾಯಿ. ಹಡಗಾಗ್ಲಿ, ಕುದುರೆಯಾಗ್ಲಿ, ಕೋಟೆಯಾಗ್ಲಿ. ಇದು ತಪ್ಪಿದ್ರೆ ಅದು ಆಟದ ಸಾಮಾನು." ಆಟದ ಸಾಮಾನು ಎಂಬ ಮಾತನ್ನು ಅವರು ಬೇರೆಯವರು ಬೈಗುಳ ಆಡುವ ಹಾಗೆ ಆಡುತ್ತಿದ್ದರು. ಬೀದಿಯ ಕೊನೆಯ ಮನೆಯವರೊಬ್ಬರು ಒಮ್ಮೆ ಅವರ ಯುದ್ಧನೌಕೆಯನ್ನು ನೋಡಿ, "ಮಕ್ಕಳಿಗೆ ಒಳ್ಳೇ ಆಟದ ಸಾಮಾನು" ಎಂದು ಹೊಗಳಿ, ಮುಂದೆ ಅವರ ಮನೆಗೆ ಕಾಲಿಡದ ಹಾಗಾದರು.

ಈ ಶಾಸನದ ಭಾರ ಬಿದ್ದದ್ದು ಅಡುಗೆಮನೆಯ ಮೇಲೆ. ಹಡಗಿನ ತಗಡಿಗೆ ಮೊಳೆ ಬೇಕು. ಸಾಸಿವೆ ಆಗುವುದಿಲ್ಲ; ಸಾಸಿವೆ ಅಂಟಿಸಿದರೆ ಅರ್ಧ ಅಡಿ ದಪ್ಪದ ಮೊಳೆಯಾಗಿ ಹಡಗು ಮುಳುಗುತ್ತದೆ. ಹಾಗಾಗಿ ಗಸಗಸೆ. ಅವರ ಮನೆಯಲ್ಲಿ ಗಸಗಸೆ ಪಾಯಸ ಮಾಡಿದ್ದನ್ನು ನಾನು ಕಾಣೆ. ಫಿರಂಗಿಯ ಕೊಳವೆ ಕೊಡೆಯ ಕಡ್ಡಿಯಿಂದ. ಮಳೆಗಾಲದಲ್ಲಿ ಆ ಮನೆಯವರು ಗೋಣಿಚೀಲ ಹೊದ್ದು ಓಡಾಡುತ್ತಿದ್ದರು. ಚಕ್ರಕ್ಕೆ ಗುಂಡಿ. ನಮ್ಮ ಸಾಲಿನಲ್ಲಿ ಗಂಡಸರ ಅಂಗಿಗಳೆಲ್ಲ ಎದೆ ತೆರೆದುಕೊಂಡೇ ಇರುತ್ತಿದ್ದವು. ಹೊಸಬರು ಇದೇನು ಬಹಳ ಧಾರಾಳದ ಬೀದಿ ಎಂದುಕೊಳ್ಳುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ದುಂಡು ಮುಖ, ದೊಡ್ಡ ಕುಂಕುಮ, ಮಾತು ಕಡಿಮೆ. ಆಡಿದರೆ ಮಾತ್ರ ಎದುರಿನವರು ಕೂತುಕೊಳ್ಳಬೇಕು. "ಕೆಲವು ಗಂಡಸರು ಕುಡೀತಾರೆ, ಕೆಲವರು ಇಸ್ಪೀಟು ಆಡ್ತಾರೆ. ನಮ್ಮನೇವ್ರದ್ದು ಪುಣ್ಯ, ಬರೀ ಕೊಲೆ" ಎಂದು ಒಮ್ಮೆ ಅವರೆಕಾಯಿ ಬಿಡಿಸುತ್ತ ಹೇಳಿದ್ದರು.

ಪೇಟೆಯ ಲೈಬ್ರರಿಯಿಂದ ದಂಡನಾಯಕರು ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ ತರುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ತಪ್ಪಿಗೆ ಯೂರೋಪಿನ ಊರುಗಳ ಉಚ್ಚಾರಣೆಯ ಜವಾಬ್ದಾರಿ ನನ್ನ ಮೇಲೆ ಬಿತ್ತು. "ಈ ಫ್ರೆಂಚರು ಇಷ್ಟುದ್ದ ಬರೆದು ಇಷ್ಟೇ ಓದೋದ್ಯಾಕೆ ತಾಯಿ? ಸೋತಿದ್ದು ಇದಕ್ಕೇ ಇರ್ಬೇಕು." ನನಗೆ ಏಳು ತಿಂಗಳಾಗಿದ್ದಾಗ ನೋಡಿಕೊಂಡು ಹೋಗಲು ಬಂದವರು, ಆನೆಗಳು ಹಿಮದ ಬೆಟ್ಟ ದಾಟುವಾಗ ಹೇಗೆ ಜಾರಿ ಬಿದ್ದು ಸತ್ತವು ಎಂದು ವಿವರವಾಗಿ ಹೇಳಿ ಧೈರ್ಯ ತುಂಬಿದರು. ಬೀದಿ ನಲ್ಲಿಯ ಮುಂದೆ ಹೆಂಗಸರ ಜಗಳವಾದರೆ ಜಗಲಿಯ ಮೇಲೆ ನಿಂತು ನೋಡುತ್ತ, "ಎದುರುಗಡೆಯಿಂದ ನುಗ್ಗಿದ್ರೆ ಬಿಂದಿಗೆ ಒಡೆಯುತ್ತೆ ಅಷ್ಟೇ. ಪಕ್ಕದಿಂದ ಬರ್ಬೇಕು, ಪಕ್ಕದಿಂದ" ಎನ್ನುತ್ತಿದ್ದರು. ಅವರ ಮಾತು ಕೇಳಿ ಒಬ್ಬಾಕೆ ಪಕ್ಕದಿಂದ ಹೋಗಿ ಚರಂಡಿಗೆ ಬಿದ್ದಳು. "ಭೂಮಿಯನ್ನ ಮೊದಲು ನೋಡ್ಕೋಬೇಕಿತ್ತು" ಎಂದು ಒಳಗೆ ಹೋದರು.

ಶ್ರೀರಂಗಪಟ್ಟಣದ ಮುತ್ತಿಗೆ ಅವರಿಗೆ ಸ್ವಂತ ಮನೆಯ ದುಃಖವಾಗಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ, ಕಾವಲಿನವರು ಮೈಮರೆತಿದ್ದಾಗ ಶತ್ರು ಗೋಡೆ ಹತ್ತಿದ ಎಂದು ಓದಿ ಅವರಿಗೆ ಕಣ್ಣೀರು ಬರುತ್ತಿತ್ತು. "ನಾಲ್ಕು ಜನ ಎಚ್ಚರವಾಗಿದ್ದಿದ್ರೆ ಸಾಕಿತ್ತು ತಾಯಿ, ನಾಲ್ಕೇ ಜನ" ಎಂದು ಹೇಳಿ, ಊಟದ ಮೇಲೆ ತಾವು ಒಂದು ನಿದ್ದೆ ತೆಗೆಯಲು ಹೋಗುತ್ತಿದ್ದರು.

ಅಕ್ಕನಿಗೂ ಅವರಿಗೂ ವರ್ಷಕ್ಕೊಮ್ಮೆ ನಿಜವಾದ ಯುದ್ಧ ನಡೆಯುತ್ತಿದ್ದದ್ದು ನವರಾತ್ರಿಯಲ್ಲಿ. ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಅಕ್ಕ ಮುಂದಿನ ಕೋಣೆಯಲ್ಲೇ ಕೂರಿಸಬೇಕು. ಮುಂದಿನ ಕೋಣೆ ದಂಡು ಬೀಡುಬಿಟ್ಟ ಜಾಗ. ಮೆಟ್ಟಿಲುಗಳ ಮೇಲೆ ಬಿಳಿ ಪಂಚೆ ಹಾಸಿ, ರಾಜ ರಾಣಿಯನ್ನು ಮೇಲೆ ಕೂರಿಸಿ, ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿಯನ್ನು ಕೂರಿಸಿ, ಪಕ್ಕದಲ್ಲಿ ಮೊಳಕೆ ಬರಿಸಿದ ರಾಗಿ ಪೈರಿನ ತೋಟ ಮಾಡುವಷ್ಟರಲ್ಲಿ ಇವರು ಟೇಪು ಹಿಡಿದು ಬರುತ್ತಿದ್ದರು.

"ನೋಡೇ, ನಿನ್ನ ರಾಜ ನನ್ನ ಲೆಕ್ಕದಲ್ಲಿ ತೊಂಬತ್ತಾರು ಅಡಿ ಎತ್ತರ ಆಗ್ತಾನೆ. ಒಂದು ಹೆಜ್ಜೆ ಇಟ್ರೆ ನನ್ನ ಕೋಟೆ ಪುಡಿ. ರಾಗಿ ಪೈರು ತೆಂಗಿನ ಮರದಷ್ಟಿದೆ."

"ರಾಜ ಅಂದ್ಮೇಲೆ ದೊಡ್ಡೋನೇ ಇರ್ತಾನೆ. ಗುಮಾಸ್ತ ಸಣ್ಣೋನಿರ್ತಾನೆ. ಸರಿಯಾಗೇ ಇದೆ ಅಳತೆ, ಅತ್ಲಾಗೆ ಸರೀರಿ."

ಕೊನೆಗೆ ಒಂದು ಸಂಧಾನವಾಗಿತ್ತು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಬಲಗಡೆಯ ಮೂಲೆ ಅವರದು. ಅಲ್ಲಿ ವರ್ಷಕ್ಕೊಂದು ಹೊಸದು ಇಡಬಹುದು. ಗೊಂಬೆ ನೋಡಲು ಬಂದವರಿಗೆ ಅವರಾಗಿ ವಿವರಿಸಕೂಡದು. ಕೇಳಿದರೆ ಮಾತ್ರ.

ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದೆವು. ಗೂಢಚಾರರು ಇಳಿದಿದ್ದಾರಂತೆ, ಸಾಧುವೇಷದಲ್ಲಿದ್ದಾರಂತೆ, ಬಳೆ ಮಾರುತ್ತಿದ್ದಾರಂತೆ ಎಂದು ದಿನಕ್ಕೊಂದು ಸುದ್ದಿ. ಪಾಪ, ಒಬ್ಬ ಕಲಾಯಿ ಹಾಕುವವನು ನಮ್ಮ ಬೀದಿಗೆ ಬಂದು, ಪಾತ್ರೆಯ ಬದಲು ತನ್ನ ತಾತನ ಊರಿನವರೆಗೆ ವಿಚಾರಣೆ ಎದುರಿಸಿ ಹೋದ. ನಮ್ಮ ದಂಡನಾಯಕರಿಗೆ ಮಾತ್ರ ಈ ಯುದ್ಧದ ಮೇಲೆ ಅಸಮಾಧಾನ. "ರೇಡಿಯೋದಲ್ಲಿ ಗೆದ್ವಿ ಅಂತಾರೆ, ಬಿಟ್ವಿ ಅಂತಾರೆ. ಯಾವ ಫಿರಂಗಿ, ಎಷ್ಟುದ್ದ, ಒಂದೂ ಹೇಳಲ್ಲ."

ಆಗಲೇ ಅವರಿಗೆ ರೈಲ್ವೆ ಗೇಟು ಕಂಡದ್ದು. ಸ್ಟೇಷನ್ನಿನ ಆಚೆ ಸೈನ್ಯದ ಗೂಡ್ಸ್ ಗಾಡಿಗಳು ಸಿಗ್ನಲ್ಲಿಗೆ ಕಾದು ನಿಲ್ಲುತ್ತಿದ್ದವು. ಬಯಲು ವ್ಯಾಗನ್ನುಗಳ ಮೇಲೆ ಟಾರ್ಪಾಲಿನ್ ಹೊದ್ದು ಕೂತ ಫಿರಂಗಿಗಳು. ಹತ್ತಿರ ಹೋಗಿ ಅಳೆಯುವಂತಿಲ್ಲ. ದೂರದಿಂದ ಅಳೆಯಲು ಪಕ್ಕದಲ್ಲಿ ಎತ್ತರ ಗೊತ್ತಿರುವ ವಸ್ತು ಏನಾದರೂ ಬೇಕು. ನಮ್ಮ ಬೀದಿಯಲ್ಲಿ ಅಂಥ ವಸ್ತು ಒಂದೇ ಇತ್ತು. ನನ್ನ ಗಂಡ. ಬ್ಯಾಂಕಿನಲ್ಲಿ ಕೆಲಸ, ಸರಿಯಾಗಿ ಆರಡಿ ಎತ್ತರ, ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ಸ್ವಭಾವ.

"ಸಂಜೆ ಗಾಳಿಗೆ ಹೋಗ್ಬರೋಣ ಬನ್ನಿ ರಾಯರೇ" ಎಂದು ಕರೆದುಕೊಂಡು ಹೋಗುತ್ತಿದ್ದರು. ಗೇಟಿನಾಚೆ ಹಳಿಯ ಹತ್ತಿರ ನನ್ನ ಗಂಡನನ್ನು ನಿಲ್ಲಿಸಿ, ತಾವು ದೂರ ನಿಂತು, ಕೈ ನೀಡಿ ಒಂದು ಬೆಂಕಿಕಡ್ಡಿ ಹಿಡಿದು, ಒಂದು ಕಣ್ಣು ಮುಚ್ಚಿ, "ಸ್ವಲ್ಪ ಎಡಕ್ಕೆ. ತಲೆ ಎತ್ತಿ. ಹಾಂ, ಉಸಿರು ಬಿಡಿ" ಎನ್ನುತ್ತಿದ್ದರು. ನನ್ನ ಗಂಡ ಮನೆಗೆ ಬಂದು, "ಯಾಕೋ ಇತ್ತೀಚೆಗೆ ಅವರಿಗೆ ನನ್ನ ಕಂಡ್ರೆ ತುಂಬಾ ವಿಶ್ವಾಸ ಕಣೆ" ಎಂದರು. ಆ ಫಿರಂಗಿಯ ಕೊಳವೆ ಎರಡು ನನ್ನ ಗಂಡನಷ್ಟು ಉದ್ದ, ಚಕ್ರ ಮುಕ್ಕಾಲು ನನ್ನ ಗಂಡನಷ್ಟು ಎತ್ತರ ಎಂದು ನಮಗೆ ಗೊತ್ತಾದದ್ದು ಆಮೇಲೆ.

ಯುದ್ಧ ನಿಂತ ಸುದ್ದಿಯ ಹಿಂದೆಯೇ ನವರಾತ್ರಿ ಬಂತು. ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ ಆ ವರ್ಷ ಒಂದು ಗೂಡ್ಸ್ ಗಾಡಿ ನಿಂತಿತ್ತು. ನಾನು ಹೊಲಿಗೆಯ ಕಣ್ಣಿನಿಂದ ನೋಡುವವಳು, ಸಣ್ಣ ಕೆಲಸ ಎಂದರೆ ಏನೆಂದು ಬಲ್ಲೆ. ಸುಳ್ಳು ಹೇಳಲಾರೆ, ಅದು ಬಹಳ ಚೆನ್ನಾಗಿತ್ತು. ಅಂಗೈ ಉದ್ದದ ವ್ಯಾಗನ್ನು, ಅದರ ಮೇಲೆ ಬೆರಳುದ್ದದ ಫಿರಂಗಿ, ಚಕ್ರಕ್ಕೆ ಅಡ್ಡ ಇಟ್ಟ ಮರದ ತುಂಡು, ಅದನ್ನು ಬಿಗಿದ ಹಗ್ಗದ ಗಂಟು ಕೂಡ ನಿಜವಾದ ಗಂಟು. ಆದರೆ ಟಾರ್ಪಾಲಿನ್ ಮಾತ್ರ ಇರಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಮುಚ್ಚುವುದು ಯಾರಿಗೆ ಇಷ್ಟ?

ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ನಮ್ಮ ಕಡೆಯ ಠಾಣೆಯ ಇನ್ಸ್‌ಪೆಕ್ಟರ ಹೆಂಡತಿಯೂ ಇದ್ದರು. ಸಾಧು ಹೆಂಗಸು. ಹೊರಡುವಾಗ ಸೌಜನ್ಯಕ್ಕೆ, "ಗಾಡಿ ಚೆನ್ನಾಗಿದೆ, ಏನಿದು?" ಎಂದರು.

ಕೇಳಿದರೆ ಮಾತ್ರ ಎಂಬುದು ಸಂಧಾನ. ಅವರು ಕೇಳಿದ್ದರು. ಆಕೆಯ ಕೈಯಲ್ಲಿದ್ದ ತಾಂಬೂಲದ ವೀಳ್ಯದೆಲೆ ಬಾಡುವ ತನಕ ಇವರು ವಿವರಿಸಿದರು. ಕೊಳವೆಯ ಉದ್ದ, ಚಕ್ರದ ಎತ್ತರ, ಗಾಡಿ ಎಲ್ಲಿ ನಿಲ್ಲುತ್ತದೆ, ಟಾರ್ಪಾಲಿನ್ನಿನ ಮಡಿಕೆ ನೋಡಿಯೇ ಒಳಗಿನ ಆಕಾರ ಕಂಡುಹಿಡಿಯುವುದು ಹೇಗೆ. "ಒಂದು ನೂಲೂ ತಪ್ಪಿಲ್ಲ ತಾಯಿ. ನಿಮ್ಮ ಯಜಮಾನ್ರಿಗೂ ಹೇಳಿ."

ಆಕೆ ಹೇಳಿದರು.

ಮಾರನೆಯ ದಿನ ಇನ್ಸ್‌ಪೆಕ್ಟರು ಒಬ್ಬ ಪೇದೆಯ ಜೊತೆ ಬಂದರು. ಹೊಸ್ತಿಲಲ್ಲಿ ಬೂಟು ಬಿಚ್ಚಿ, ಕೆಳಗಿನ ಮೆಟ್ಟಿಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಬಹಳ ಹೊತ್ತು ನೋಡಿದರು. ನಾನು ಅಕ್ಕನ ಜೊತೆ ಅಡುಗೆಮನೆಯ ಬಾಗಿಲಲ್ಲಿದ್ದೆ.

"ಸ್ವಾಮಿ, ಸೈನ್ಯದವರೇ ಮುಚ್ಕೊಂಡು ಹೋಗಿದ್ದನ್ನ ನೀವು ಬಿಚ್ಚಿಟ್ಟಿದೀರಲ್ಲ" ಎಂದರು.

"ಹೌದು ಸಾರ್" ಎಂದರು ಇವರು ಹೆಮ್ಮೆಯಿಂದ.

ಇನ್ಸ್‌ಪೆಕ್ಟರು ಒಮ್ಮೆ ಕೆಮ್ಮಿದರು. ಕೆಟ್ಟ ಮನುಷ್ಯರಲ್ಲ. ದನಿ ಇಳಿಸಿ ಹೇಳಿದರು: "ನೋಡಿ, ನೀವು ಸರ್ಕಾರಿ ನೌಕರರು. ನಾನು ಇದನ್ನ ಮೇಲಕ್ಕೆ ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ, ಬಹುಶಃ ಒಳಗೂ ಹೋಗ್ತೀರಿ. ಹಳಿ ಹತ್ರ ಇನ್ನೊಬ್ರು ಉದ್ದದವರು ನಿಂತಿರ್ತಿದ್ರಂತೆ, ಅವರೂ ಹೋಗ್ತಾರೆ. ಇದು ಅಂದಾಜಿಗೆ ಮಾಡಿದ ಆಟದ ಸಾಮಾನು, ಅಲ್ವಾ? ನಿಮ್ಮ ಬಾಯಿಂದ ಅಷ್ಟು ಅಂದ್ಬಿಡಿ, ಗಾಡಿ ತಗೊಂಡು ಹೋಗ್ತೀನಿ, ಮುಗೀತು."

ಇವರ ಮುಖ ಕೆಂಪಾಯಿತು. "ಅಂದಾಜಾ?" ಎಂದು ಬಾಯಿ ತೆರೆದರು.

ಅಕ್ಕ ಅಷ್ಟರಲ್ಲಿ ಮಧ್ಯೆ ಬಂದು ನಿಂತಿದ್ದರು. "ಕೂರಿಸಿದ ಗೊಂಬೆ ಹಬ್ಬದ ಮಧ್ಯೆ ಎತ್ತೋ ಹಾಗಿಲ್ಲ ಸಾರ್. ದಶಮಿ ಕಳೀಲಿ, ರಾಜನ್ನ ಮಲಗಿಸಿದ ಮೇಲೆ ಬನ್ನಿ. ಮಾತೂ ಆಗ್ಲೇ ಆಡೋಣ. ನಿಮ್ಮನೇಲೂ ಕೂರ್ಸಿದಾರಲ್ಲ, ಬೇಕಾದ್ರೆ ಎತ್ತಬಹುದಾ ಅಂತ ಅವರನ್ನೇ ಕೇಳ್ಕೊಂಡು ಬನ್ನಿ."

ಇನ್ಸ್‌ಪೆಕ್ಟರು ಯೋಚಿಸಿದರು. ಕಳ್ಳರು, ಗೂಢಚಾರರು, ಮೇಲಧಿಕಾರಿಗಳು, ಇವರನ್ನೆಲ್ಲ ಎದುರಿಸಬಹುದು. ಕೂರಿಸಿದ ಗೊಂಬೆ ಎತ್ತಿಸಿ ಸಂಜೆ ಮನೆಗೆ ಹೋಗುವುದು ಬೇರೆ ವಿಷಯ. ದೇಶದ ಭದ್ರತೆ ದಶಮಿಯ ತನಕ ಕಾಯಲಿ ಎಂದು ತೀರ್ಮಾನಿಸಿ, ಪೇದೆಯನ್ನು ಜಗಲಿಯ ಮೇಲೆ ಕಾವಲಿಗೆ ಕೂರಿಸಿ ಹೋದರು.

ಪೇದೆ ಹುಣಸಮಾರನಹಳ್ಳಿ ಕಡೆಯವನು. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಚರ್ಪು ಅವನಿಗೂ ಸಿಗುತ್ತಿತ್ತು. ಒಂದು ದಿನ ಕೋಡುಬಳೆ, ಒಂದು ದಿನ ರವೆಉಂಡೆ. "ಇಂಗೇ ಇನ್ನೊಂದು ಸಲ ಯುದ್ಧ ಆಗ್ಲಿ ಬುಡಿ ಅಮ್ಮಾ" ಎಂದು ಬಾಯಿ ಒರೆಸಿಕೊಂಡ.

ದಂಡನಾಯಕರು ಎರಡು ದಿನ ಎದೆಯುಬ್ಬಿಸಿ ಓಡಾಡಿದರು. ಸರ್ಕಾರವೇ ಪಹರೆ ಹಾಕಿಸಿದೆ, ಅಂದ ಮೇಲೆ ಕೆಲಸ ಅಷ್ಟು ಕರಾರುವಾಕ್ಕಾಗಿದೆ ಎಂದು ಸರ್ಕಾರ ಒಪ್ಪಿಕೊಂಡ ಹಾಗಲ್ಲವೇ? ಮೂರನೆಯ ದಿನ ಅಕ್ಕ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದದ್ದನ್ನು ನೋಡಿದರು. ಆ ಮನೆಯಲ್ಲಿ ಅಕ್ಕ ಅತ್ತದ್ದನ್ನು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲವೆಂದು ಕಾಣುತ್ತದೆ. ಅಂಗಳಕ್ಕೆ ಬಂದು ನನ್ನ ಗಂಡನನ್ನು ಕರೆದು, "ಹೇಳ್ತೀನಿ ರಾಯರೇ. ಹೇಳಿಕೊಡಿ" ಎಂದರು.

ಹೇಳಿಕೊಡುವುದು ಅಷ್ಟು ಸುಲಭವಿರಲಿಲ್ಲ. ನನ್ನ ಗಂಡ ಇನ್ಸ್‌ಪೆಕ್ಟರಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಅಳತೆಗೋಲಾಗಿ ಅನುಭವಿಸಿದ್ದ ಅವರಿಗೆ ಈ ಪಾತ್ರ ಇಷ್ಟವಾಗಿತ್ತು.

"ಏನಿದು?"

"ಅಂ..." ಎಂದು ಇವರು ಶುರು ಮಾಡಿದರೆ ಕೆಮ್ಮು.

"ಅಂದಾಜಿಗೆ ಮಾಡಿದ್ದು ಅನ್ನಿ."

"ಸುಮಾರಾಗಿ ಸರಿಯಾಗಿದೆ ಅಂದ್ರೆ ಆಗಲ್ವಾ?"

"ಆಗಲ್ಲ."

"ಒಂದೆರಡು ಕಡೆ ಬಣ್ಣ ಸರಿಯಾಗಿಲ್ಲ ಅಂತೀನಿ. ಅದು ನಿಜಾನೂ ಹೌದು."

"ಬಣ್ಣಕ್ಕೆ ಯಾರನ್ನೂ ಜೈಲಿಗೆ ಹಾಕಲ್ಲ ಸ್ವಾಮಿ. ಅಳತೆ. ಅಳತೆ ತಪ್ಪು ಅನ್ನಿ. ನನಗೂ ಹೆಂಡ್ತಿ ಮಕ್ಕಳಿದಾರೆ."

ಅವರು ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದರು. ನಮ್ಮ ಮಗಳು ಹಾಲ್ಹಲ್ಲು ಕೀಳಿಸಿಕೊಳ್ಳುವಾಗ ಕೂಡ ಅಷ್ಟು ಗಲಾಟೆ ಮಾಡಿರಲಿಲ್ಲ.

ವಿಜಯದಶಮಿಯ ಸಂಜೆ ಆರತಿ ಮಾಡಿ, ಅಕ್ಕ ಪಟ್ಟದ ರಾಜನನ್ನು ಮಲಗಿಸಿದರು. ಮರುದಿನ ಬೆಳಗ್ಗೆಯೇ ಇನ್ಸ್‌ಪೆಕ್ಟರು ಬಂದರು. ನಾವಿಬ್ಬರೂ ಅಲ್ಲೇ ಇದ್ದೆವು. ನನ್ನ ಗಂಡ ಗಿಡ್ಡ ಕಾಣಲೆಂದೋ ಏನೋ ಗೋಡೆಗೆ ಒರಗಿ ಕೂತಿದ್ದರು.

"ಹೇಳಿ ಸ್ವಾಮಿ. ಏನಿದು?"

ಇವರು "ಅಂ..." ಎಂದು ಕೆಮ್ಮತೊಡಗಿದರು. ಅಕ್ಕ ಮುಂದೆ ಬಂದು ಗಾಡಿಯ ಪಕ್ಕ ಕೂತರು.

"ನಾನು ಹೇಳ್ತೀನಿ ಸಾರ್. ಈ ಚಕ್ರ ಕೋಟಿನ ಗುಂಡಿ. ಇದು ನಮ್ಮ ಕೊಡೆ, ಹೋದ ಮಳೆಗಾಲದಲ್ಲಿ ನನ್ನ ತಲೆ ಮೇಲಿರ್ಬೇಕಾದ್ದು. ಈ ಮೊಳೆ ಗಸಗಸೆ. ಇದು ಹಳಸಿ ಹೋಗಿದ್ದ ಬಿಸ್ಕತ್ತಿನ ಡಬ್ಬದ ತಗಡು. ಈ ಹಗ್ಗ ನನ್ನ ರವಿಕೆಯ ದಾರ. ಇಂಥಾದ್ರಲ್ಲಿ ಶತ್ರು ಏನ್ ಸಾರ್ ತಿಳ್ಕೋತಾನೆ? ನಮ್ಮನೇಲಿ ಏನೇನು ಇಲ್ಲ ಅಂತ ತಿಳ್ಕೋಬಹುದು ಅಷ್ಟೇ."

ಇನ್ಸ್‌ಪೆಕ್ಟರು ನಕ್ಕರು. ಪೇದೆ ಇನ್ನೂ ಜೋರಾಗಿ ನಕ್ಕ. ಹೆಂಡತಿ ಒಂದೊಂದೇ ಬೆರಳಿಟ್ಟು ತೋರಿಸುತ್ತ ಹೋದ ಹಾಗೆ, ಫಿರಂಗಿ ಹೋಗಿ ಗುಂಡಿ, ಕಡ್ಡಿ, ಕಾಳುಗಳ ರಾಶಿಯಾದದ್ದನ್ನು ಅವರು ನಿಂತು ನೋಡಿದರು.

"ಹೌದಾ ಸ್ವಾಮಿ?"

"ಹೌದು" ಎಂದರು. ಆಮೇಲೆ ಕಲಿತ ಪಾಠ ಒಪ್ಪಿಸಿದರು: "ಅಂದಾಜಿಗೆ ಮಾಡಿದ್ದು. ಆಟದ ಸಾಮಾನು."

"ಅಷ್ಟೇ ತಾನೇ? ಮುಗೀತು ಬಿಡಿ. ನಮ್ಮ ಹುಡುಗ ಆಡ್ಕೊಳ್ಳಲಿ" ಎಂದು ಇನ್ಸ್‌ಪೆಕ್ಟರು ಎದ್ದರು. ಪೇದೆ ಗಾಡಿಯನ್ನು ಚಕ್ಕುಲಿ ಡಬ್ಬಕ್ಕೆ ತುಂಬತೊಡಗಿದ. ಇವರು ಬೀದಿಯ ತನಕ ಅವನ ಹಿಂದೆಯೇ ಹೋಗಿ, "ಕೊಳವೆ ಹಿಡ್ಕೋಬೇಡಪ್ಪ, ಕೆಳಗಡೆಯಿಂದ, ಕೆಳಗಡೆಯಿಂದ ಹಿಡ್ಕೋ" ಎನ್ನುತ್ತಿದ್ದದ್ದು ನಮಗೆ ಕೇಳಿಸಿತು.

ಕೆಲಸ ಉಳಿಯಿತು. ನನ್ನ ಗಂಡ ಮತ್ತೆ ಆರಡಿಯಾದರು. ಬೀದಿಗೆ ಶಾಂತಿ ಬಂತು. ಅಂಗಿಗಳಿಗೆ ಗುಂಡಿಗಳು ಬಂದವು. ದಂಡನಾಯಕರು ಕಚೇರಿಯಿಂದ ಬಂದು ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು. ನನ್ನನ್ನು ಕಂಡರೆ, "ಬಿಸಿಲು ಜಾಸ್ತಿ ಅಲ್ವಾ ತಾಯಿ" ಎನ್ನುತ್ತಿದ್ದರು. ವಾಟರ್ಲೂವಿನ ಹಿಂದಿನ ದಿನದ ಮಳೆಯನ್ನು ಬಿಟ್ಟರೆ ಹವೆಯ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಗಸಗಸೆ ಪಾಯಸ ಮಾಡಿದರು. ಅವರು ಎರಡು ಚಮಚ ತಿಂದು ಬಟ್ಟಲು ಸರಿಸಿದರಂತೆ. "ಹೋಗ್ಲಿ, ಒಂದು ಸಣ್ಣ ದೋಣಿನಾದ್ರೂ ಮಾಡ್ರೀ ಅಂದೆ ಕಣೆ. 'ಯಾಕೆ, ಆಟದ ಸಾಮಾನು ಬೇಕಾ' ಅಂದ್ರು" ಎಂದು ಅಕ್ಕ ನನ್ನ ಹತ್ತಿರ ಹೇಳಿ, ಎಷ್ಟೋ ಹೊತ್ತು ಬರಿದಾದ ಆ ಮುಂದಿನ ಕೋಣೆಯನ್ನು ಗುಡಿಸಿದರು. ಗುಡಿಸಲು ಅಲ್ಲಿ ಏನೂ ಇರಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ನಾನು ಅಕ್ಕನ ಮನೆಯಲ್ಲಿ ಉಲ್ಲನ್ ಬಿಡಿಸುತ್ತ ಕೂತಿದ್ದೆ. ಇನ್ಸ್‌ಪೆಕ್ಟರು ಬಂದರು. ಪಂಚೆ, ಬನಿಯನ್ನಿನ ಮೇಲೆ ಶಾಲು, ಕೈಯಲ್ಲಿ ಟವೆಲಿನ ಗಂಟು. ಸಮವಸ್ತ್ರವಿಲ್ಲದೆ ಅವರು ಬಹಳ ಸಣ್ಣ ಮನುಷ್ಯರಾಗಿ ಕಂಡರು. ಅಕ್ಕ ಕೈಯಲ್ಲಿದ್ದ ಲೋಟವನ್ನು ಹಾಗೆಯೇ ಹಿಡಿದುಕೊಂಡರು.

"ಹುಡುಗ ಒಂದು ಚಕ್ರ ಕಿತ್ತುಬಿಟ್ಟ ಸ್ವಾಮಿ. ನಾನೇ ಅಂಟಿಸಿದೆ. ಯಾಕೋ ಸರಿ ಕಾಣಲ್ಲ" ಎಂದು ಗಂಟು ಬಿಚ್ಚಿದರು. ಫಿರಂಗಿ ಒಂದು ಕಡೆಗೆ ವಾಲಿಕೊಂಡಿತ್ತು.

ಇವರು ನೋಡಿಯೂ ನೋಡದ ಹಾಗೆ, "ಆಟದ ಸಾಮಾನು ಅಲ್ವಾ ಸಾರ್. ಹೇಗಿದ್ರೇನು" ಎಂದರು.

"ಅದೂ ಸರಿ" ಎಂದು ಇನ್ಸ್‌ಪೆಕ್ಟರು ಅದನ್ನು ಕೋಣೆಯ ಬೆಳಕಿಗೆ ಹಿಡಿದರು. "ಮುಂದಕ್ಕೆ ಬಂದಿದೆಯೋ, ಹಿಂದಕ್ಕೆ ಹೋಗಿದೆಯೋ ಅದೇ ತಿಳೀತಿಲ್ಲ."

ಅಕ್ಕ ಅವರ ಬೆನ್ನ ಹಿಂದಿನಿಂದ ಗಂಡನಿಗೆ ಬೇಡ ಬೇಡವೆಂದು ತಲೆಯಾಡಿಸಿದರು. ಇವರು ಅಕ್ಕನನ್ನು ನೋಡಿದರು. ನನ್ನನ್ನು ನೋಡಿದರು. ಆ ವಾಲಿದ ಚಕ್ರವನ್ನು ನೋಡಿದರು. ಕೈ ಜೇಬಿನೊಳಗೆ ಹೋಗಿ ಟೇಪಿನೊಂದಿಗೆ ಹೊರಗೆ ಬಂತು.

"ಅರ್ಧ ನೂಲು ಹಿಂದಕ್ಕೆ ಹೋಗಿದೆ! ನಿಜದಲ್ಲಿ ಅರ್ಧ ಅಡಿ! ಯಾರ್ರೀ ಇದನ್ನ ಹೀಗೆ ಹಚ್ಚಿದ್ದು? ಇದನ್ನ ಹಾರಿಸಿದ್ರೆ ಸಾಯೋರು ನಮ್ಮವರೇ!"

ಅಕ್ಕ ಕಣ್ಣು ಮುಚ್ಚಿಕೊಂಡರು.

ಇನ್ಸ್‌ಪೆಕ್ಟರು ನಿಧಾನವಾಗಿ ಶಾಲು ತೆಗೆದು ಬಾಗಿಲ ಮೊಳೆಗೆ ಹಾಕಿದರು. "ನನಗೂ ಅರ್ಧ ನೂಲೇ ಬಂತು ಸ್ವಾಮಿ. ನಾಲ್ಕು ಸಲ ಅಳೆದೆ. ಹುಡುಗನಿಗೆ ಮುಟ್ಟೋಕೆ ಬಿಡ್ತಿಲ್ಲ ಈಗ" ಎಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಈ ಕೊಳವೆ ಇಷ್ಟು ಮೇಲಕ್ಕೆ ನೋಡ್ತಿರೋದು ಯಾಕೆ, ಅದೊಂದು ಹೇಳಿ" ಎಂದರು.

ದಂಡನಾಯಕರು ಎದುರಿಗೆ ಕೂತರು. ಅಕ್ಕ ಕಣ್ಣು ತೆರೆದು ಇಬ್ಬರ ಬಗ್ಗಿದ ತಲೆಗಳನ್ನೂ ನೋಡಿ, ಕೋಟಿನ ಗುಂಡಿಗಳ ಡಬ್ಬ ತರಲು ಒಳಗೆ ಹೋಗುತ್ತ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಒಬ್ರನ್ನೇ ಸಾಕೋಕೆ ಆಗ್ತಿರ್ಲಿಲ್ಲ ಕಣೆ. ಈಗ ಇಬ್ರು."